ಬಾವಿ, ಸುರಂಗದೊಳಗೆ ಉಸಿರು ಕಟ್ಟುವ ಸೂಚನೆ ದೇಹಕ್ಕೆ ಯಾಕೆ ಸಿಗುವುದಿಲ್ಲ?

ಎಣ್ಮಕಜೆ ಟೀಚರ್ ಕೇಳಿದ್ದು:

ವಿಷು ಕಳೆದ ಮೇಲೆ ನಮ್ಮ ಕಡೆ ಬಾವಿಯ ಕೆಸರು ತೆಗೆಸುವ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ಸರಿಮಾಡಿಸುವ ಕೆಲಸ ಶುರುವಾಗುತ್ತದೆ. ಅದಕ್ಕೆ ಮೊದಲು ವಾರ್ಡಿನ ಕೆಲಸದವರಿಗೆ ಒಂದು ಗಂಟೆಯ ತರಗತಿ ಮಾಡಬೇಕೆಂದುಂಟು. ಅವರದ್ದು ಒಂದೇ ಮಾತು: "ಉಸಿರು ಕಟ್ಟಿದ ಹಾಗೆ ಆದರೆ ಹಗ್ಗ ಅಲ್ಲಾಡಿಸುತ್ತೇವೆ, ಮೇಲೆ ಎಳೆದುಕೊಂಡರೆ ಆಯಿತು." ಇದನ್ನು ನಂಬಬಹುದಾ?

ಪ್ಲಸ್ ಟು ಪಾಠದಲ್ಲಿ ರಕ್ತದ ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಗುರುತಿಸುವ ರಾಸಾಯನಿಕ ಗ್ರಾಹಕಗಳು ದೇಹದಲ್ಲಿವೆ ಎಂದು ಕಲಿಸುತ್ತೇವೆ. ಹಾಗಿದ್ದರೆ ಎಚ್ಚರಿಕೆ ಸಿಗಲೇಬೇಕಲ್ಲ? ಆದರೆ ಕೆಲವು ಬಾವಿಗಳಲ್ಲಿ ಅರ್ಧ ಇಳಿಯುವಾಗಲೇ ಏದುಸಿರು, ತಲೆನೋವು ಬರುತ್ತದೆ. ಇನ್ನು ಕೆಲವದರಲ್ಲಿ ಮಾತಾಡುತ್ತಿದ್ದವರು ಮಾತಿನ ನಡುವೆಯೇ ಬೀಳುತ್ತಾರೆ. ಅದೇ ದೇಹ, ಅವೇ ಗ್ರಾಹಕಗಳು, ಎರಡು ರೀತಿ ಯಾಕೆ? ದೀಪ ಇಳಿಸಿ ನೋಡುವ ಹಳೆಯ ಕ್ರಮ ಸಾಕಾಗುತ್ತದಾ? ಮೀಟರ್ ತೆಗೆದುಕೊಳ್ಳುವುದಾದರೆ ಯಾವುದನ್ನು ತೆಗೆದುಕೊಳ್ಳಬೇಕು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

---

ಶರೀರಕ್ರಿಯಾಶಾಸ್ತ್ರ ಪಾಠದವರು:

ನಂಬಬಾರದು ಟೀಚರ್. ಕೆಲಸದವರಿಗೆ ಮೊದಲು ಹೇಳಬೇಕಾದದ್ದೇ ಇದು. ಉಸಿರು ಕಟ್ಟಿದ ಅನುಭವ ಕೊಡುವುದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಆಮ್ಲಜನಕ ಮಾತ್ರ ಕಡಿಮೆಯಾದರೆ ಆ ಅನುಭವ ತೀರಾ ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಗ್ರಾಹಕಗಳು ಎರಡು ಕಡೆ ಇವೆ. ಒಂದು ಗುಂಪು ಮಿದುಳಿನ ಬುಡದಲ್ಲಿ, ಮೆಡುಲ್ಲಾದ ಮುಂಭಾಗದ ಮೇಲ್ಮೈಗೆ ಹತ್ತಿರ. ಇವು ಅಳೆಯುವುದು ಆಮ್ಲೀಯತೆಯನ್ನು. ರಕ್ತದ ಹೈಡ್ರೋಜನ್ ಅಯಾನು ಮಿದುಳಿನ ತಡೆಗೋಡೆಯನ್ನು ಸುಲಭಕ್ಕೆ ದಾಟುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ದಾಟುತ್ತದೆ. ದಾಟಿದ ಮೇಲೆ ನೀರಿನ ಜೊತೆ ಸೇರಿ ಕಾರ್ಬೊನಿಕ್ ಆಮ್ಲವಾಗುತ್ತದೆ, ಅದು ಒಡೆದು ಹೈಡ್ರೋಜನ್ ಅಯಾನು ಬರುತ್ತದೆ. ಮಿದುಳಿನ ಸುತ್ತಲಿನ ದ್ರವದಲ್ಲಿ ಪ್ರೋಟೀನು ತೀರಾ ಕಡಿಮೆ, ಆದ್ದರಿಂದ ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಸಣ್ಣ ಏರಿಕೆಗೂ ಪಿಎಚ್ ಇಳಿಯುತ್ತದೆ, ಉಸಿರಾಟ ಜೋರಾಗುತ್ತದೆ. ಅಪಧಮನಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ 40 ಮಿ.ಮೀ. ಪಾದರಸ. ಅದು ಒಂದೇ ಒಂದು ಮಿ.ಮೀ. ಏರಿದರೆ ನಿಮಿಷಕ್ಕೆ 2ರಿಂದ 3 ಲೀಟರ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತೇವೆ. ಸುಮ್ಮನೆ ಕುಳಿತಾಗ ಎಳೆದುಕೊಳ್ಳುವುದೇ 5–6 ಲೀಟರ್ ಎನ್ನುವುದು ನೆನಪಿದ್ದರೆ ಇದು ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ. ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ.

ಇನ್ನೊಂದು ಗುಂಪು ಕುತ್ತಿಗೆಯ ಎರಡೂ ಬದಿಯಲ್ಲಿ. ಕೆರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಕೆರೋಟಿಡ್ ಬಾಡಿ ಇದೆ. ಮಹಾಪಧಮನಿಯ ಕಮಾನಿನಲ್ಲಿಯೂ ಇಂಥವು ಇವೆ, ಆದರೆ ಮನುಷ್ಯನ ಉಸಿರಾಟದ ಮಟ್ಟಿಗೆ ಅವುಗಳ ಪಾತ್ರ ಚಿಕ್ಕದು. ಕೆರೋಟಿಡ್ ಬಾಡಿಗೆ ತನ್ನ ತೂಕಕ್ಕೆ ಹೋಲಿಸಿದರೆ ಅಪಾರ ರಕ್ತ ಹರಿದುಬರುತ್ತದೆ, ಆದ್ದರಿಂದ ಅದು ರಕ್ತವನ್ನು ಹೆಚ್ಚುಕಡಿಮೆ ಇದ್ದಂತೆಯೇ ಸವಿದು ನೋಡುತ್ತದೆ ಎನ್ನಬಹುದು. ಅದರ ಗ್ಲೋಮಸ್ ಕೋಶಗಳಲ್ಲಿ ಆಮ್ಲಜನಕ ಇಳಿದಾಗ ಪೊಟ್ಯಾಸಿಯಂ ಚಾನಲ್‌ಗಳು ಮುಚ್ಚುತ್ತವೆ. ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಎಟಿಪಿ ಮೊದಲಾದ ಸಂದೇಶವಾಹಕಗಳು ಹೊರಬರುತ್ತವೆ, ಒಂಬತ್ತನೇ ಕಪಾಲ ನರದ ಮೂಲಕ ಸುದ್ದಿ ಮೆಡುಲ್ಲಾಕ್ಕೆ ಹೋಗುತ್ತದೆ. ಇದರ ಕೆಲಸವನ್ನು ಬೆಳಕಿಗೆ ತಂದ ಬೆಲ್ಜಿಯಂನ ಕಾರ್ನೇ ಹೇಮನ್ಸ್ ಅವರಿಗೆ 1938ರ ನೊಬೆಲ್ ಸಂದಿತು. ಮಕ್ಕಳು ಪರೀಕ್ಷೆಯಲ್ಲಿ ಕೆರೋಟಿಡ್ ಬಾಡಿಯನ್ನೂ ಕೆರೋಟಿಡ್ ಸೈನಸ್ಸನ್ನೂ ಒಂದೇ ಎಂದು ಬರೆಯುತ್ತಾರೆ. ಸೈನಸ್ ಅಳೆಯುವುದು ರಕ್ತದೊತ್ತಡವನ್ನು. ಎರಡೂ ಅಕ್ಕಪಕ್ಕ ಇರುವುದರಿಂದ ಈ ಗೊಂದಲ.

ಈಗ ಬಾವಿಯ ವಿಷಯ. ಕೆರೋಟಿಡ್ ಬಾಡಿ ಜೋರಾಗಿ ಸಂದೇಶ ಕಳಿಸಲು ಶುರುಮಾಡುವುದು ಆಮ್ಲಜನಕದ ಒತ್ತಡ 60 ಮಿ.ಮೀ.ಗಿಂತ ಕೆಳಗೆ ಇಳಿದಾಗ. ಸಾಮಾನ್ಯ ಮಟ್ಟ 95ರ ಆಸುಪಾಸು. ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9ರಿಂದ ಸುಮಾರು 15ಕ್ಕೆ ಇಳಿಯುವ ತನಕ ಅದು ಹೆಚ್ಚುಕಡಿಮೆ ಮೌನ. ಅಷ್ಟರಲ್ಲಿ ವಿವೇಚನೆ, ಕೈಕಾಲಿನ ಹಿಡಿತ ಮಂದವಾಗತೊಡಗಿರುತ್ತವೆ. ಆಮೇಲೆ ಅದು ಕೂಗಿ ಉಸಿರಾಟ ಜೋರು ಮಾಡಿಸಿದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹೊರಹೋಗುತ್ತದೆ. ಆಗ ಮೆಡುಲ್ಲಾದ ಗ್ರಾಹಕಗಳು "ಆಮ್ಲ ಕಡಿಮೆ ಉಂಟು, ಇಷ್ಟು ಉಸಿರು ಬೇಡ" ಎಂದು ತಡೆಯುತ್ತವೆ. ಕುತ್ತಿಗೆಯ ಗ್ರಾಹಕ ಓಡು ಎನ್ನುವಾಗ ಮಿದುಳಿನ ಗ್ರಾಹಕ ನಿಲ್ಲು ಎನ್ನುತ್ತದೆ. ಅದಕ್ಕೇ ಆಮ್ಲಜನಕ ಮಾತ್ರ ಕಡಿಮೆಯಿರುವ ಗಾಳಿಯಲ್ಲಿ ಮನುಷ್ಯನಿಗೆ ಸಂಕಟವಾಗುವುದಿಲ್ಲ, ಎಷ್ಟೋ ಸಲ ಹಾಯೆನಿಸುವುದೂ ಉಂಟು.

ಮಾತಿನ ನಡುವೆ ಬೀಳುವುದಕ್ಕೆ ಇನ್ನೊಂದು ಲೆಕ್ಕ ಇದೆ. ದೇಹ ಸುತ್ತಿ ಶ್ವಾಸಕೋಶಕ್ಕೆ ಮರಳುವ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 40 ಮಿ.ಮೀ. ನೀರಾವಿ ಕಳೆದು ಲೆಕ್ಕ ಹಾಕಿದರೆ ಅದು ಶೇಕಡಾ 5–6 ಆಮ್ಲಜನಕವಿರುವ ಗಾಳಿಗೆ ಸಮ. ಬಾವಿಯ ಗಾಳಿ ಅದಕ್ಕಿಂತ ಕೆಳಗಿದ್ದರೆ ಪ್ರತಿ ಉಸಿರೂ ರಕ್ತದಿಂದ ಆಮ್ಲಜನಕವನ್ನು ಹೊರಗೆ ಎಳೆಯುತ್ತದೆ. ಉಸಿರು ಹಿಡಿದರೆ ಒಂದು ನಿಮಿಷ ತಡೆಯುವವರು ಅಲ್ಲಿ ಉಸಿರಾಡಿದರೆ 10–20 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತಾರೆ. ಹಗ್ಗ ಅಲ್ಲಾಡಿಸುವ ಯೋಚನೆ ಬರುವ ಮಿದುಳೇ ಮೊದಲು ನಿಲ್ಲುತ್ತದೆ.

ಅರ್ಧದಲ್ಲೇ ಏದುಸಿರು ಬರುವ ಬಾವಿಯಲ್ಲಿರುವುದು ಕಾರ್ಬನ್ ಡೈಆಕ್ಸೈಡ್. ಶೇಕಡಾ 3 ಇದ್ದರೆ ಉಸಿರಾಟ ಸುಮಾರು ದುಪ್ಪಟ್ಟು, 5 ಆದರೆ ಮೂರು-ನಾಲ್ಕು ಪಟ್ಟು, ಜೊತೆಗೆ ತಲೆನೋವು, ಬೆವರು. ಅಲ್ಲಿ ಗ್ರಾಹಕಗಳು ತಮ್ಮ ಕೆಲಸ ಸರಿಯಾಗಿ ಮಾಡುತ್ತಿವೆ. ಹಾಗೆಂದು ಕಾರ್ಬನ್ ಡೈಆಕ್ಸೈಡ್ ಇದ್ದರೆ ಎಚ್ಚರಿಕೆ ಖಂಡಿತ ಎಂದೂ ಅಲ್ಲ. ಶೇಕಡಾ 10 ದಾಟಿದರೆ ಅದೇ ಮಿದುಳಿಗೆ ಮಂಪರು ತರಿಸುತ್ತದೆ, ಇನ್ನೂ ಮೇಲಾದರೆ ಏದುಸಿರು ಬಿಡುವುದಕ್ಕೂ ಸಮಯ ಸಿಗುವುದಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೆ ಪದರವಾಗಿ ನಿಲ್ಲುತ್ತದೆ. ಒಂದು ಮೆಟ್ಟಿಲಿನ ತನಕ ಗಾಳಿ ಚೆನ್ನಾಗಿದ್ದು ಮುಂದಿನ ಮೆಟ್ಟಿಲಲ್ಲಿ ಸಾಯುವ ಗಾಳಿ ಇರಬಹುದು.

---

ಬಾವಿ ಸುರಕ್ಷತೆ, ಬದಿಯಡ್ಕ:

ಮೇಲಿನ ಸರ್ ದೇಹದ ಕಡೆಯಿಂದ ಬರೆದಿದ್ದಾರೆ, ನಾನು ಬಾವಿಯ ಕಡೆಯಿಂದ ಬರೆಯುತ್ತೇನೆ.

ದೀಪದ ವಿಷಯ ಮೊದಲು. ಮೇಣದ ಬತ್ತಿ ಆರುವುದು ಆಮ್ಲಜನಕ ಶೇಕಡಾ 16–17ರ ಸುಮಾರಿಗೆ. ಆರಿದರೆ ಇಳಿಯಲೇಬಾರದು, ಅದು ನಿಶ್ಚಯ. ಆದರೆ ಆರದಿದ್ದರೆ ಇಳಿಯಬಹುದು ಎಂದು ಅರ್ಥವಲ್ಲ. ಹೊರಗಿನಿಂದ ಬಂದ ಕಾರ್ಬನ್ ಡೈಆಕ್ಸೈಡ್ ಶೇಕಡಾ 5 ಸೇರಿಕೊಂಡರೆ ಆಮ್ಲಜನಕ 20.9ರಿಂದ 19.9ಕ್ಕೆ ಮಾತ್ರ ಇಳಿಯುತ್ತದೆ. ದೀಪ ನೆಮ್ಮದಿಯಿಂದ ಉರಿಯುತ್ತದೆ, ಇಳಿದವನು ನರಳುತ್ತಾನೆ. ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಇದ್ದರೆ ದೀಪಕ್ಕೆ ಗೊತ್ತೇ ಆಗುವುದಿಲ್ಲ. ಗೋಬರ್ ಗ್ಯಾಸಿನ ಗುಂಡಿ, ಶೌಚದ ಗುಂಡಿಯ ಹತ್ತಿರದ ಬಾವಿಗೆ ಬೆಂಕಿ ಇಳಿಸಿದರೆ ಮೀಥೇನ್ ಹೊತ್ತಿಕೊಳ್ಳುವ ಅಪಾಯವೂ ಉಂಟು.

ಸುರಂಗದಲ್ಲಿ ದೀಪ ಹಿಡಿದು ಹೋಗುವ ಕ್ರಮ ಹಿಂದಿನಿಂದ ಬಂದದ್ದು. ಆದರೆ ದೀಪವನ್ನು ಎದೆಯೆತ್ತರಕ್ಕೆ ಹಿಡಿದರೆ ಮೊಣಕಾಲಿನ ಮಟ್ಟದ ಗಾಳಿಯ ಸುದ್ದಿ ಸಿಗುವುದಿಲ್ಲ. ಮುರಕಲ್ಲು ಕೊರೆಯುವವನು ಬಗ್ಗಿ, ಕೂತು ಕೆಲಸ ಮಾಡುವಾಗ ಅವನ ಮೂಗು ಇರುವುದು ಆ ಮಟ್ಟದಲ್ಲಿಯೇ. ಉದ್ದದ ಸುರಂಗಗಳಿಗೆ ನಡುವೆ ಮೇಲಿನಿಂದ ಗಾಳಿಗಂಡಿ ತೋಡುತ್ತಿದ್ದದ್ದು ಇದೇ ಕಾರಣಕ್ಕೆ. ಅದು ಕಸ ಬಿದ್ದು ಮುಚ್ಚಿದ್ದರೆ ಮೊದಲು ಅದನ್ನು ಬಿಡಿಸಬೇಕು.

ಮೀಟರ್: ಅಂಗಡಿಯಲ್ಲಿ ಸಿಗುವ "ನಾಲ್ಕು ಗ್ಯಾಸಿನ ಮೀಟರ್" ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಇಷ್ಟನ್ನು ತೋರಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಇರುವುದಿಲ್ಲ! ನಮ್ಮ ಬಾವಿಗಳಿಗೆ ಬೇಕಾದದ್ದೇ ಅದು. ಮೇಲೆ ಹೇಳಿದ 19.9ರ ಉದಾಹರಣೆಯಲ್ಲಿ ಆಮ್ಲಜನಕದ ಅಲಾರಾಂ ಕೂಗುವುದಿಲ್ಲ, ಯಾಕೆಂದರೆ ಅದರ ಗೆರೆ 19.5. ಇನ್ಫ್ರಾರೆಡ್ ಸೆನ್ಸರಿನ ಕಾರ್ಬನ್ ಡೈಆಕ್ಸೈಡ್ ಮೀಟರನ್ನು ಬೇರೆಯೇ ತೆಗೆದುಕೊಳ್ಳಿ, ಅಥವಾ ಐದನೆಯ ಸೆನ್ಸರ್ ಇರುವ ಮಾದರಿಯನ್ನೇ ಕೇಳಿ. ಅಳತೆ ಶೇಕಡಾ 5ರ ತನಕವಾದರೂ ಹೋಗಬೇಕು. ಮನೆಯೊಳಗಿನ ಗಾಳಿ ನೋಡುವ, 5,000 ಪಿಪಿಎಂಗೆ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎನ್ನುವ ಲೆಕ್ಕ) ನಿಲ್ಲುವ ಅಗ್ಗದ ಮೀಟರ್ ಬೇಡ. ಇಳಿಯುವುದಕ್ಕೆ ಬೇಕಾದ ಅಂಕಿ: ಆಮ್ಲಜನಕ 19.5ರಿಂದ 23.5ರ ಒಳಗೆ, ಹೊತ್ತಿಕೊಳ್ಳುವ ಅನಿಲ ಅದು ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಶೇಕಡಾ 10ಕ್ಕಿಂತ ಕಡಿಮೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗಿಂತ ಕಡಿಮೆ, ಕಾರ್ಬನ್ ಮೊನಾಕ್ಸೈಡ್ 25ಕ್ಕಿಂತ ಕಡಿಮೆ, ಕಾರ್ಬನ್ ಡೈಆಕ್ಸೈಡ್ 5,000 ಪಿಪಿಎಂ ಅಂದರೆ ಶೇಕಡಾ 0.5ಕ್ಕಿಂತ ಕಡಿಮೆ.

ಮೀಟರನ್ನು ಬಲೆಯ ಚೀಲದಲ್ಲಿ ಹಾಕಿ ಹಗ್ಗಕ್ಕೆ ಕಟ್ಟಿ. ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿದರೆ ಅದು ಅಳೆಯುವುದು ಲಕೋಟೆಯೊಳಗಿನ ಗಾಳಿಯನ್ನೇ. ಹಗ್ಗಕ್ಕೆ ಪ್ರತಿ ಒಂದು ಮೀಟರಿಗೆ ಬಣ್ಣದ ಗುರುತು ಹಾಕಿ, ಪ್ರತಿ ಗುರುತಿನಲ್ಲಿ ಎರಡು ನಿಮಿಷ ನಿಲ್ಲಿಸಿ, ನೀರಿಗೆ ಒಂದಡಿ ಮೇಲೆ ನಿಲ್ಲಿಸಿ. ಸೆನ್ಸರಿಗೆ ಗಾಳಿ ತಲುಪಿ ಅಂಕಿ ನಿಲ್ಲಲು ಸಮಯ ಬೇಕು. ಸರಸರನೆ ಇಳಿಸಿ ಎಳೆದುಕೊಂಡರೆ ಮೇಲಿನ ಒಳ್ಳೆಯ ಗಾಳಿಯ ಅಂಕಿಯನ್ನೇ ನೋಡಿ ಮೋಸಹೋಗುತ್ತೀರಿ. ಅತಿ ಕಡಿಮೆ, ಅತಿ ಹೆಚ್ಚು ಅಂಕಿಯನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಇರುವ ಮೀಟರ್ ಆದರೆ ಮೇಲೆ ಬಂದ ಮೇಲೂ ನೋಡಬಹುದು.

ಗಾಳಿ ಹಾಕುವುದು: ಸೊಪ್ಪಿನ ಕೊಂಬೆ ಕಟ್ಟಿ ಮೇಲೆ ಕೆಳಗೆ ಆಡಿಸುವುದು, ಕೊಡಪಾನದಿಂದ ನೀರು ಸುರಿಯುವುದು ಪದರವನ್ನು ಕಲಸುತ್ತದೆ, ಹೊರಗೆ ಹಾಕುವುದಿಲ್ಲ. ಬ್ಲೋವರ್ ಬೇಕು, ಅದರ ಪೈಪು ತಳಕ್ಕೆ ಮುಟ್ಟಬೇಕು. 3 ಮೀಟರ್ ಅಡ್ಡಳತೆ, ನೀರಿನ ತನಕ 12 ಮೀಟರ್ ಆಳದ ಬಾವಿಯಲ್ಲಿ 85 ಘನಮೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 14 ಘನಮೀಟರ್ ಕೊಡುವ ಬ್ಲೋವರ್ ಆ ಗಾಳಿಯನ್ನು ಒಂದು ಸಲ ಬದಲಿಸಲು ಸುಮಾರು 6 ನಿಮಿಷ. ಒಂದೇ ಸಲಕ್ಕೆ ಎಲ್ಲ ಹೋಗುವುದಿಲ್ಲ, ಹೊಸದು ಹಳೆಯದರ ಜೊತೆ ಕಲಸಿಕೊಂಡೇ ಹೊರಗೆ ಬರುವುದು. ಮೂರು ಸಲ ಬದಲಿಸಿದರೂ ಮೊದಲಿದ್ದದ್ದರ ಶೇಕಡಾ 5 ಉಳಿದಿರುತ್ತದೆ, ಏಳು ಸಲಕ್ಕೆ ಶೇಕಡಾ 0.1ಕ್ಕೆ ಬರುತ್ತದೆ. ಆದ್ದರಿಂದ ಮುಕ್ಕಾಲು ಗಂಟೆ ಓಡಿಸಿ, ಮತ್ತೆ ಅಳೆದು ಇಳಿಯಿರಿ, ಕೆಲಸ ಮುಗಿದು ಮೇಲೆ ಬರುವ ತನಕ ನಿಲ್ಲಿಸಬೇಡಿ. ಕೆಸರು ಕೆದಕಿದಾಗ ಒಳಗೆ ಸಿಕ್ಕಿಕೊಂಡ ಅನಿಲ ಬಿಡುಗಡೆಯಾಗುತ್ತದೆ. ಮಳೆ ಬರುವ ಮೊದಲು ವಾತಾವರಣದ ಒತ್ತಡ ಇಳಿದಾಗ ಮಣ್ಣಿನೊಳಗಿನ ಗಾಳಿಯೂ ಬಾವಿಗೆ ಇಳಿದು ಬರುತ್ತದೆ. ಬೆಳಿಗ್ಗೆ ಅಳೆದದ್ದು ಮಧ್ಯಾಹ್ನಕ್ಕೆ ಲೆಕ್ಕಕ್ಕಿಲ್ಲ. ಬ್ಲೋವರಿನ ಬದಲು ಆಮ್ಲಜನಕದ ಸಿಲಿಂಡರ್ ಬಿಡುವವರಿದ್ದಾರೆ, ಅದು ಬಟ್ಟೆ, ಎಣ್ಣೆ ಎಲ್ಲದಕ್ಕೂ ಬೆಂಕಿ ಹತ್ತಿಸುವ ಕೆಲಸ.

ಇಳಿಯುವವನಿಗೆ ಎದೆ ಮತ್ತು ತೊಡೆ ಎರಡಕ್ಕೂ ಬರುವ ಬೆಲ್ಟ್ ಹಾಕಿ ಹಗ್ಗ ಮೇಲೆ ಕಟ್ಟಿರಲೇಬೇಕು. ಪ್ರಜ್ಞೆ ತಪ್ಪಿದರೆ ಯಾರೂ ಇಳಿಯದೆ ಎಳೆದುಕೊಳ್ಳಲು ಅದೊಂದೇ ದಾರಿ. ಸೊಂಟಕ್ಕೆ ಕಟ್ಟಿದರೆ ದೇಹ ಮಡಚಿಕೊಂಡು ಕಲ್ಲಿಗೆ ಸಿಕ್ಕಿಬೀಳುತ್ತದೆ. ಹಗ್ಗವಿಲ್ಲದೆ ಬಿದ್ದವರನ್ನು ತೆಗೆಯಲು ಇನ್ನೊಬ್ಬರು ಇಳಿಯಬಾರದು. 101ಕ್ಕೆ ಕರೆ ಮಾಡಿ, ಬ್ಲೋವರ್ ಓಡಿಸುತ್ತಾ ಇರಿ. ತಮ್ಮನೋ ಮಗನೋ ಬಿದ್ದಾಗ ಈ ಮಾತು ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಗೊತ್ತುಂಟು, ಅದಕ್ಕೇ ಕೆಲಸಕ್ಕೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಬೇಕು.

---

ಐಸಿಯು ಸಿಸ್ಟರ್:

ಮೂರು ಸೇರಿಸುತ್ತೇನೆ ಟೀಚರ್.

ಕೆಸರು ನೀರು ತೆಗೆಯಲು ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಪಂಪ್‌ಸೆಟ್ಟನ್ನು ಬಾವಿಯೊಳಗಿನ ಮೆಟ್ಟಿಲ ಮೇಲೆ ಇಡಿಸಬೇಡಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ರಕ್ತ ಹೊರುವ ಆಮ್ಲಜನಕ ಅರ್ಧಕ್ಕೆ ಇಳಿದಿದ್ದರೂ ರಕ್ತದಲ್ಲಿ ಕರಗಿರುವ ಆಮ್ಲಜನಕದ ಒತ್ತಡ ಮೊದಲಿನಷ್ಟೇ ಇರುತ್ತದೆ. ಕೆರೋಟಿಡ್ ಬಾಡಿ ನೋಡುವುದು ಆ ಒತ್ತಡವನ್ನು, ಆದ್ದರಿಂದ ಅದು ಸುಮ್ಮನಿರುತ್ತದೆ. ಏದುಸಿರು ಇಲ್ಲ, ತುಟಿ ನೀಲಿಯಾಗುವುದಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಕುಸಿತ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ 98 ತೋರಿಸಿ ಮೋಸ ಮಾಡುತ್ತದೆ, ಯಾಕೆಂದರೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಕಾರ್ಬನ್ ಮೊನಾಕ್ಸೈಡ್ ಹೊತ್ತದ್ದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಹೈಡ್ರೋಜನ್ ಸಲ್ಫೈಡಿನಲ್ಲಿ ಮೂಗಿನ ಗ್ರಾಹಕಗಳದ್ದೂ ಇದೇ ಕಥೆ. ಒಂದು ಪಿಪಿಎಂಗಿಂತ ಎಷ್ಟೋ ಕಡಿಮೆ ಇದ್ದರೂ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆದರೆ 100 ಪಿಪಿಎಂ ದಾಟಿದರೆ ವಾಸನೆಯ ಶಕ್ತಿಯೇ ಹೋಗುತ್ತದೆ. "ಈಗ ವಾಸನೆ ಇಲ್ಲ, ಹೋಗಿದೆ" ಎನ್ನುವ ಹೊತ್ತೇ ಹೆಚ್ಚು ಅಪಾಯದ್ದು.

ಹಾಗೆಯೇ, ವರ್ಷಗಟ್ಟಲೆಯಿಂದ ಬೀಡಿ ಸೇದುವವರು, ದಮ್ಮಿನ ಕಾಯಿಲೆ ಇರುವವರನ್ನು ಇಳಿಸಲೇಬೇಡಿ. ವರ್ಷಗಟ್ಟಲೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದವರಲ್ಲಿ ಮೂತ್ರಪಿಂಡ ಬೈಕಾರ್ಬೊನೇಟ್ ಹಿಡಿದಿಟ್ಟುಕೊಳ್ಳುತ್ತದೆ, ಮಿದುಳಿನ ದ್ರವದಲ್ಲಿಯೂ ಅದು ಏರುತ್ತದೆ, ಗ್ರಾಹಕಗಳ ಸೂಕ್ಷ್ಮತೆ ಮಂದವಾಗಿರುತ್ತದೆ.

---

ಶರೀರಕ್ರಿಯಾಶಾಸ್ತ್ರ ಪಾಠದವರು:

ಸಿಸ್ಟರ್ ಹೇಳಿದ್ದು ಸರಿ. ಅಂಥ ರೋಗಿಗಳ ಬಗ್ಗೆ "ಆಮ್ಲಜನಕ ಕೊಟ್ಟರೆ ಉಸಿರಾಟ ನಿಲ್ಲುತ್ತದೆ" ಎಂದು ಪುಸ್ತಕಗಳು ಒಂದೇ ಸಾಲಿನಲ್ಲಿ ಬರೆಯುತ್ತವೆ, ಅದನ್ನು ಮಕ್ಕಳಿಗೆ ಹಾಗೆಯೇ ಕಲಿಸಬೇಡಿ. ಆಮ್ಲಜನಕ ಹೆಚ್ಚಾದಾಗ ಕಾರ್ಬನ್ ಡೈಆಕ್ಸೈಡ್ ಏರುವುದಕ್ಕೆ ಶ್ವಾಸಕೋಶದ ಕೆಟ್ಟ ಭಾಗಗಳಿಗೆ ರಕ್ತ ಹೆಚ್ಚು ಹರಿಯುವುದು, ಹಿಮೋಗ್ಲೋಬಿನ್ ಹೊತ್ತಿದ್ದ ಕಾರ್ಬನ್ ಡೈಆಕ್ಸೈಡನ್ನು ಕೆಳಗಿಳಿಸುವುದು ಕೂಡ ದೊಡ್ಡ ಕಾರಣಗಳು. ಗ್ರಾಹಕಗಳ ಪ್ರಚೋದನೆ ತಗ್ಗುವುದು ಅದರ ಒಂದು ಪಾಲು ಅಷ್ಟೇ. ಆದ್ದರಿಂದ ಆಮ್ಲಜನಕವನ್ನು ತಡೆಯುವುದಿಲ್ಲ, ಆಕ್ಸಿಮೀಟರಿನಲ್ಲಿ 88ರಿಂದ 92ರೊಳಗೆ ನಿಲ್ಲುವಂತೆ ಅಳೆದು ಕೊಡುತ್ತಾರೆ.

---

ಮದಕದ ಈಜು ಕಲಿಸುವವರು:

ಟೀಚರ್, ಮಕ್ಕಳಿಗೂ ಇದನ್ನು ಹೇಳಿ. ಮದಕದಲ್ಲಿ (ಕೆರೆಯಲ್ಲಿ) ಮುಳುಗುವ ಪಂದ್ಯಕ್ಕೆ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುತ್ತಾರೆ. ಅದರಿಂದ ಆಮ್ಲಜನಕದ ದಾಸ್ತಾನು ಹೆಚ್ಚೇನೂ ಏರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ 40ರಿಂದ 25ರ ಸುಮಾರಿಗೆ ಇಳಿಯುತ್ತದೆ. ಅದು ಮತ್ತೆ ಏರಿ ಮೇಲೆ ಬಾ ಎನ್ನುವ ಮೊದಲೇ ಆಮ್ಲಜನಕ ಮುಗಿದು ನೀರಿನೊಳಗೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೇ ಹೀಗೆ ಹೋಗುವುದು.

---

ಎಣ್ಮಕಜೆ ಟೀಚರ್:

ಎಲ್ಲರಿಗೂ ಉಪಕಾರ. ಇನ್ನು ಎರಡು ಕೇಳುತ್ತೇನೆ. ಮೀಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಬಾವಿಯ ಬಳಿಯಲ್ಲೇ ನೋಡುವುದು ಹೇಗೆ? ತರಗತಿಯಲ್ಲಿ ಕೆಲಸದವರಿಗೆ ಕಣ್ಣಾರೆ ತೋರಿಸಲು ಏನಾದರೂ ಇದೆಯಾ?

---

ಬಾವಿ ಸುರಕ್ಷತೆ, ಬದಿಯಡ್ಕ:

ಬಾವಿಯಿಂದ ದೂರ, ಬಯಲು ಗಾಳಿಯಲ್ಲಿ ಆನ್ ಮಾಡಿ. ಆಮ್ಲಜನಕ 20.9 ತೋರಿಸಬೇಕು, ಕಾರ್ಬನ್ ಡೈಆಕ್ಸೈಡ್ ಶೇಕಡಾ 0.04ರ ಸುಮಾರು, ಬಾಕಿ ಸೊನ್ನೆ. ಆಮೇಲೆ ಸೆನ್ಸರಿನ ಮೇಲೆ ನಿಧಾನವಾಗಿ ಉಸಿರು ಬಿಡುತ್ತಾ ಇರಿ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಆಮ್ಲಜನಕ ಸುಮಾರು 16–17, ಕಾರ್ಬನ್ ಡೈಆಕ್ಸೈಡ್ ಸುಮಾರು 4. ಆಮ್ಲಜನಕದ ಅಂಕಿ 19.5ಕ್ಕಿಂತ ಕೆಳಗೆ ಬಂದು ಅಲಾರಾಂ ಕೂಗಬೇಕು, ಕಾರ್ಬನ್ ಡೈಆಕ್ಸೈಡಿನದ್ದು ಏರಬೇಕು. ಅಲ್ಲಾಡದಿದ್ದರೆ ಸೆನ್ಸರ್ ಸತ್ತಿದೆ, ಆ ದಿನ ಕೆಲಸ ಬೇಡ. ಮಾಮೂಲಿ ಆಮ್ಲಜನಕದ ಸೆನ್ಸರ್ ಸುಮಾರು ಎರಡು ವರ್ಷ ಬಾಳುತ್ತದೆ, ಕಪಾಟಿನಲ್ಲಿ ಇಟ್ಟರೂ ಸವೆಯುತ್ತದೆ, ಹಾಗಾಗಿ ತಾರೀಕು ನೋಡಿ ಕೊಳ್ಳಿ. ಮುಂಭಾಗದ ಬಿಳಿ ಫಿಲ್ಟರಿನ ಮೇಲೆ ನೀರಹನಿ ಕೂತರೆ ಗಾಳಿ ಒಳಗೆ ಹೋಗುವುದಿಲ್ಲ, ಒರೆಸಿ ಒಣಗಿಸಿ. ಉಸಿರಿನ ಪರೀಕ್ಷೆಯಿಂದ ಬೇರೆ ಮೂರು ಸೆನ್ಸರಿನ ಸುದ್ದಿ ಸಿಗುವುದಿಲ್ಲ, ಅವಕ್ಕೆ ಪರೀಕ್ಷಾ ಗ್ಯಾಸ್ ಹಿಡಿದೇ ನೋಡಬೇಕು. ಮಾರಿದವರಲ್ಲಿ ಆ ಸೌಲಭ್ಯ ಇದೆಯಾ ಎಂದು ಕೊಳ್ಳುವ ಮೊದಲೇ ಕೇಳಿ.

---

ಶರೀರಕ್ರಿಯಾಶಾಸ್ತ್ರ ಪಾಠದವರು:

ತರಗತಿಗೆ ಒಂದು ಆಕ್ಸಿಮೀಟರ್ ಸಾಕು. ಆರೋಗ್ಯವಂತ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಬೆರಳಿಗೆ ಹಾಕಿ. ಸಾಮಾನ್ಯವಾಗಿ ಉಸಿರು ಹೊರಬಿಟ್ಟು ಮೂಗು ಹಿಡಿದು ತಡೆಯಲು ಹೇಳಿ. ಮೊದಲು ಜೋರಾಗಿ ಉಸಿರಾಡಿಸಬೇಡಿ. ಅರ್ಧ ನಿಮಿಷದ ಸುಮಾರಿಗೆ ತಡೆಯಲಾಗದೆ ಬಿಡುತ್ತಾರೆ. ಆ ಕ್ಷಣದ ಅಂಕಿಯನ್ನು ಎಲ್ಲರಿಗೂ ಓದಿ ಹೇಳಿ, ಬೆರಳಿಗೆ ಸುದ್ದಿ ತಡವಾಗಿ ಬರುವುದರಿಂದ ಮುಂದಿನ ಅರ್ಧ ನಿಮಿಷವೂ ನೋಡುತ್ತಾ ಇರಿ. ಸಾಮಾನ್ಯವಾಗಿ ಅದು ಸ್ವಲ್ಪವೇ ಇಳಿದಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇನ್ನೂ ಸಾಕಷ್ಟು ಇರುವಾಗಲೇ ಇಷ್ಟು ಸಂಕಟ ಮಾಡಿಸಿದ್ದು ಕಾರ್ಬನ್ ಡೈಆಕ್ಸೈಡ್ ಎಂದು ಆಗ ಹೇಳಿ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಅಪಸ್ಮಾರ ಇರುವವರನ್ನು ಇದಕ್ಕೆ ಕೂರಿಸಬೇಡಿ.